ಉತ್ತರ ಇಂಗ್ಲೆಂಡಿನ ಗುಡ್ಡಗಳಲ್ಲಿ ನಡೆಯುವಾಗ ನೆಲವನ್ನು ಓದುವುದು ಹೇಗೆ?

ಶಾಲ್ಮಲಾ (ಸ್ಕಿಪ್ಟನ್)

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಯಾರ್ಕ್‌ಷೈರಿನ ಸ್ಕಿಪ್ಟನ್ ಊರಿಗೆ ಬಂದು ನೆಲೆಸಿದ ಮೇಲೆ ವಾರಾಂತ್ಯಗಳಲ್ಲಿ ಡೇಲ್ಸ್ ಕಣಿವೆಗಳಲ್ಲಿ ನಡೆಯುವುದು ನನಗೆ ರೂಢಿಯಾಗಿದೆ. ನಕ್ಷೆ ಹಿಡಿದು ದಾರಿ ತಪ್ಪದೆ ಹೋಗುವುದು, ಗಾಳಿಮಳೆಗೆ ತಕ್ಕ ಉಡುಪು ತೊಡುವುದು ಇವೆಲ್ಲ ಅಭ್ಯಾಸವಾಗಿವೆ. ಆದರೆ ಕಣ್ಣೆದುರಿಗೆ ಇರುವುದು ಏನೆಂಬುದೇ ಎಷ್ಟೋ ಸಲ ತಿಳಿಯುವುದಿಲ್ಲ. ನೆತ್ತಿಯ ಮೇಲೆ ಒಂದು ಮನೆಯೂ ಇಲ್ಲದ ಗುಡ್ಡವನ್ನು ಬೆಳ್ಳನೆಯ ಕಲ್ಲುಗೋಡೆಯೊಂದು ನೂಲು ಹಿಡಿದು ಎಳೆದಂತೆ ನೇರವಾಗಿ ಹತ್ತಿ ಇಳಿಯುತ್ತದೆ. ಅದೇ ಗುಡ್ಡದ ಬುಡದಲ್ಲಿ ಊರ ಪಕ್ಕದ ಗೋಡೆಗಳು ಅಂಕುಡೊಂಕಾಗಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸ್ವೇಲ್‌ಡೇಲ್ ಕಣಿವೆಯಲ್ಲಿ ಗದ್ದೆಗೊಂದರಂತೆ ಕಲ್ಲಿನ ಕೊಟ್ಟಿಗೆಗಳಿವೆ, ಅವುಗಳಲ್ಲಿ ಬಹುಪಾಲು ಖಾಲಿ. ಕೆಲವು ಇಳಿಜಾರುಗಳಲ್ಲಿ ಯಾರೋ ಬಗೆದು ಹಾಕಿದಂಥ ಆಳವಾದ ಕೊರಕಲುಗಳು ಕಾಣುತ್ತವೆ, ಆದರೆ ಅವುಗಳಲ್ಲಿ ನೀರು ಹರಿಯುವುದಿಲ್ಲ.

ನೋಡಲೇಬೇಕಾದ ಸ್ಥಳಗಳ ಪಟ್ಟಿ ನನಗೆ ಬೇಡ. ನಡೆಯುತ್ತಿರುವಾಗ ಎದುರಾದದ್ದನ್ನು ಅರ್ಥ ಮಾಡಿಕೊಳ್ಳುವ ಬಗೆ ಬೇಕು. ಇಲ್ಲಿ ಬಹುಕಾಲದಿಂದ ನಡೆಯುತ್ತಿರುವವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಗುಂಡಬಾಳ (ಸೆಟ್ಲ್)

ಶಾಲ್ಮಲಾ ಅವರೇ, ನೀವು ಗೋಡೆಯಿಂದ ಪ್ರಾರಂಭಿಸಿದ್ದು ಸರಿಯಾಗಿದೆ, ಏಕೆಂದರೆ ಈ ಸೀಮೆಯಲ್ಲಿ ಅದಕ್ಕಿಂತ ಹೆಚ್ಚು ಮಾತಾಡುವ ವಸ್ತು ಬೇರೊಂದಿಲ್ಲ. ಬಿದ್ದ ಗೋಡೆಗಳನ್ನು ಮತ್ತೆ ಎಬ್ಬಿಸುವ ಸ್ವಯಂಸೇವಕರ ಗುಂಪಿನಲ್ಲಿ ನಾನಿದ್ದೇನೆ, ಆದ್ದರಿಂದ ಕೈಯಾಡಿಸಿ ತಿಳಿದದ್ದನ್ನೇ ಹೇಳುತ್ತೇನೆ.

ಮುಂದಿನ ಸಲ ಕುಸಿದ ಗೋಡೆ ಕಂಡರೆ ನಿಂತು ಅದರ ಒಳಗನ್ನು ನೋಡಿ. ಹೊರಗಿನಿಂದ ಒಂದೇ ಗೋಡೆಯಂತೆ ಕಾಣುವುದು ವಾಸ್ತವವಾಗಿ ಎರಡು ಗೋಡೆ. ಬುಡದಲ್ಲಿ ಅಗಲವಾಗಿ ಶುರುವಾಗಿ ಮೇಲೇರಿದಂತೆ ಒಂದರ ಕಡೆಗೊಂದು ವಾಲುತ್ತ ಬರುತ್ತವೆ. ಎರಡರ ನಡುವಿನ ಜಾಗಕ್ಕೆ ಮುಷ್ಟಿಗಾತ್ರದ ಚೂರುಕಲ್ಲುಗಳನ್ನು ಒಂದೊಂದಾಗಿ ಕೂರಿಸಿ ಬಿಗಿಮಾಡುತ್ತಾರೆ. ಇದನ್ನು ಹಾರ್ಟಿಂಗ್ ಎನ್ನುತ್ತಾರೆ. ಗಾರೆಯಿಲ್ಲ, ಮಣ್ಣೂ ಇಲ್ಲ. ಮಣ್ಣು ತುಂಬಿದರೆ ಮಳೆಗೆ ತೊಳೆದುಹೋಗಿ, ಚಳಿಗೆ ಹೆಪ್ಪುಗಟ್ಟಿ ಉಬ್ಬಿ, ಗೋಡೆಯ ಹೊಟ್ಟೆ ಹೊರಬರುತ್ತದೆ. ಅಲ್ಲಲ್ಲಿ ಒಂದು ಉದ್ದನೆಯ ಕಲ್ಲು ಎರಡೂ ಮೈಗಳನ್ನು ದಾಟಿ ಹೊರಚಾಚಿರುತ್ತದೆ. ಅದಕ್ಕೆ ಥ್ರೂ ಎಂದು ಹೆಸರು, ಎರಡು ಗೋಡೆಗಳನ್ನು ಕಟ್ಟಿಹಿಡಿಯುವುದು ಅದೇ. ನೆತ್ತಿಯ ಮೇಲೆ ಸಾಲಾಗಿ ನಿಲ್ಲಿಸಿದ ಕಲ್ಲುಗಳು ಕೆಳಗಿನದನ್ನೆಲ್ಲ ತಮ್ಮ ಭಾರದಿಂದ ಒತ್ತಿಹಿಡಿಯುತ್ತವೆ. ಬುಡದಲ್ಲಿ ಚೌಕಾಕಾರದ ಕಿಂಡಿ ಕಂಡರೆ ಅದು ಕುರಿಗಳು ಒಂದು ಹೊಲದಿಂದ ಇನ್ನೊಂದಕ್ಕೆ ನುಸುಳಿ ಹೋಗಲು ಬಿಟ್ಟದ್ದು. ಇನ್ನೂ ಚಿಕ್ಕದಾದರೆ ನೀರಿಗೋ ಮೊಲಕ್ಕೋ ಬಿಟ್ಟದ್ದು.

ಇನ್ನು ನೇರಗೋಡೆ ಮತ್ತು ಡೊಂಕುಗೋಡೆಯ ಪ್ರಶ್ನೆ. ಊರ ಸುತ್ತಲಿನ ಡೊಂಕುಗೋಡೆಗಳು ಸಾಮಾನ್ಯವಾಗಿ ಹಳೆಯವು. ಒಂದೊಂದು ಕುಟುಂಬ ಒಂದೊಂದು ತಲೆಮಾರಿನಲ್ಲಿ ನೆಲದ ಕಲ್ಲು ಹೆಕ್ಕಿ, ಬಂಡೆ ಸುತ್ತಿ, ಹಳ್ಳ ಬಳಸಿ ಕಟ್ಟಿಕೊಂಡ ಕಾರಣ ಅವು ನೆಲ ಹೇಳಿದಂತೆ ತಿರುಗುತ್ತವೆ. ಗುಡ್ಡ ಹತ್ತುವ ನೇರಗೋಡೆಗಳಲ್ಲಿ ಬಹುಪಾಲು 18ನೆಯ ಶತಮಾನದ ಉತ್ತರಾರ್ಧದಿಂದ 19ನೆಯ ಶತಮಾನದ ಮೊದಲ ದಶಕಗಳವರೆಗಿನ ಎನ್‌ಕ್ಲೋಷರ್ ಕಾಯಿದೆಗಳ ಫಲ. ಅಲ್ಲಿಯವರೆಗೆ ಗುಡ್ಡದ ಮೇಲಿನ ಹುಲ್ಲುಗಾವಲು ಊರಿನವರೆಲ್ಲ ದನಕುರಿ ಬಿಡುವ, ಸೌದೆ ಸೊಪ್ಪು ತರುವ ಸಾಮೂಹಿಕ ಹಕ್ಕಿನ ನೆಲವಾಗಿತ್ತು. ಪಾರ್ಲಿಮೆಂಟು ಊರಿಗೊಂದು ಕಾಯಿದೆ ಮಾಡಿ ಆಯುಕ್ತರನ್ನು ನೇಮಿಸಿತು. ಅವರು ಸರ್ವೇಯರನ್ನು ಕರೆದುಕೊಂಡು ಬಂದು ಕಾಗದದ ಮೇಲೆ ಗೆರೆ ಎಳೆದು ನೆಲವನ್ನು ಹಂಚಿದರು. ಯಾರಿಗೆ ಎಷ್ಟು ಪಾಲು ಬಂತೋ ಅವರು ಗೊತ್ತಾದ ಅವಧಿಯೊಳಗೆ ಸ್ವಂತ ಖರ್ಚಿನಲ್ಲಿ ಗೋಡೆ ಕಟ್ಟಬೇಕಿತ್ತು. ಎಷ್ಟೋ ಕಡೆ ಗೋಡೆಯ ಅಗಲ, ಎತ್ತರಗಳನ್ನು ಕೂಡ ಆದೇಶದಲ್ಲೇ ಬರೆದಿದ್ದರು. ಗೋಡೆ ಕಟ್ಟಲು ಹಣವಿಲ್ಲದ ಸಣ್ಣ ಹಿಡುವಳಿದಾರರು ಪಾಲನ್ನೇ ಮಾರಿಕೊಂಡ ಉದಾಹರಣೆಗಳಿವೆ. ದಾಖಲೆಯಲ್ಲಿ ಭೂಮಿಯ ಹಕ್ಕಿಲ್ಲದೆ ಬರಿಯ ರೂಢಿಯಿಂದ ಒಂದು ಹಸು ಮೇಯಿಸಿಕೊಂಡಿದ್ದವರಿಗೆ ಏನೂ ಸಿಗಲಿಲ್ಲ. ಆದ್ದರಿಂದ ನೇರಗೋಡೆಯನ್ನು ನೋಡಿದಾಗ ಅದನ್ನು ಕಟ್ಟಿದ ಕೈಚಳಕಕ್ಕೆ ತಲೆಬಾಗುವುದರ ಜೊತೆಗೆ, ಅದು ಯಾರನ್ನು ಹೊರಗಿಟ್ಟಿತು ಎಂಬುದನ್ನೂ ನಾನು ಕೇಳಿಕೊಳ್ಳುತ್ತೇನೆ.

ಇನ್ನೊಂದು ಸಂಗತಿ. ಕಲ್ಲನ್ನು ದೂರದಿಂದ ತರುವುದು ದುಬಾರಿಯಾದ್ದರಿಂದ ಗೋಡೆಯ ಕಲ್ಲು ಬಹುಮಟ್ಟಿಗೆ ಅದೇ ಗುಡ್ಡದ್ದು. ನಡೆಯುತ್ತ ಹೋದಂತೆ ಬೂದುಬಿಳಿಯ ಸುಣ್ಣಕಲ್ಲಿನ ಗೋಡೆ ಕೆಲವೇ ಮಾರುಗಳಲ್ಲಿ ಕಪ್ಪುಕಂದು ಬಣ್ಣದ ಒರಟು ಮರಳುಗಲ್ಲಾದ ಗ್ರಿಟ್‌ಸ್ಟೋನಿಗೆ ತಿರುಗಿದರೆ, ನಿಮ್ಮ ಕಾಲಡಿಯ ಬಂಡೆಯೂ ಅಲ್ಲೇ ಎಲ್ಲೋ ಬದಲಾಗಿದೆ ಎಂದು ತಿಳಿಯಬಹುದು. ಸ್ವಲ್ಪ ಹೊತ್ತಿನಲ್ಲಿ ಹುಲ್ಲಿನ ಬಣ್ಣವೂ ಬದಲಾಗುತ್ತದೆ: ಸುಣ್ಣಕಲ್ಲಿನ ಮೇಲೆ ಗಿಡ್ಡನೆಯ ಹಸಿರು ಹುಲ್ಲು, ಗ್ರಿಟ್‌ಸ್ಟೋನಿನ ಮೇಲೆ ಒರಟು ಹುಲ್ಲು, ಹೆದರ್ ಪೊದೆ, ಸಸ್ಯಗಳು ಪೂರ್ತಿ ಕೊಳೆಯದೆ ಪದರಗಟ್ಟಿ ಆದ, ನೀರು ಜಿನುಗುವ ಪೀಟ್ ಮಣ್ಣು.

ತುಂಗಾತೀರ (ಡಾರ್ಲಿಂಗ್‌ಟನ್)

ಸ್ವೇಲ್‌ಡೇಲ್ ನನಗೆ ಅಚ್ಚುಮೆಚ್ಚಿನ ಕಣಿವೆಯಾದ್ದರಿಂದ ಕೊಟ್ಟಿಗೆಗಳ ಮತ್ತು ಕೊರಕಲುಗಳ ಬಗ್ಗೆ ನಾನು ಬರೆಯುತ್ತೇನೆ.

ಮ್ಯೂಕರ್ ಮತ್ತು ಗನ್ನರ್‌ಸೈಡ್ ಊರುಗಳ ನಡುವೆ ಹರಡಿರುವ ಆ ಕೊಟ್ಟಿಗೆಗಳಿಗೆ ಎರಡು ಅಂತಸ್ತು. ಬೇಸಿಗೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲನ್ನು ಅದೇ ಗದ್ದೆಯ ಕೊಟ್ಟಿಗೆಯ ಅಟ್ಟಕ್ಕೆ ತುಂಬುತ್ತಿದ್ದರು. ಚಳಿಗಾಲ ಬಂದಾಗ ಕೆಳಗೆ ನಾಲ್ಕಾರು ಹಸುಗಳನ್ನು ಕಟ್ಟಿ, ಅಟ್ಟದಿಂದ ಮೇವನ್ನು ಕೆಳಗಿಳಿಸಿ ಹಾಕುತ್ತಿದ್ದರು. ವಸಂತದಲ್ಲಿ ಸಗಣಿಗೊಬ್ಬರವನ್ನು ಹೊರತೆಗೆದು ಅದೇ ಗದ್ದೆಗೆ ಹರಡುತ್ತಿದ್ದರು. ಹುಲ್ಲಾಗಲಿ ಗೊಬ್ಬರವಾಗಲಿ ಊರಿಗೆ ಹೋಗಿ ಮರಳಿ ಬರಬೇಕಾಗಿಯೇ ಇರಲಿಲ್ಲ, ರೈತನೇ ದಿನಕ್ಕೆರಡು ಹೊತ್ತು ಹಿಮದಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆಯುತ್ತಿದ್ದ. ಟ್ರ್ಯಾಕ್ಟರು, ದೊಡ್ಡ ಶೆಡ್ಡು, ಪ್ಲಾಸ್ಟಿಕ್ ಸುತ್ತಿದ ಮೇವಿನ ಉಂಡೆಗಳು ಬಂದ ಮೇಲೆ ಈ ಕಟ್ಟಡಗಳಿಗೆ ಕೆಲಸ ಇಲ್ಲವಾಯಿತು. ಗೋಡೆಯಲ್ಲಿ ಮೇಲೆ ಒಂದು ಸಣ್ಣ ಬಾಗಿಲು ಕಂಡರೆ ಅದು ಹುಲ್ಲು ಒಳಗೆ ತಳ್ಳುವ ಬಾಗಿಲು.

ನೀವು ಹೇಳಿದ ನೀರಿಲ್ಲದ ಕೊರಕಲುಗಳಲ್ಲಿ ಹಲವು ಸೀಸದ ಗಣಿಗಾರಿಕೆಯವು. ಗನ್ನರ್‌ಸೈಡ್ ಗಿಲ್ ಕಣಿವೆಯ ಎರಡೂ ಬದಿಗಳಲ್ಲಿ ಅವು ದೊಡ್ಡ ಗಾಯಗಳಂತೆ ಬಾಯಿ ತೆರೆದಿವೆ. ಗುಡ್ಡದ ನೆತ್ತಿಯಲ್ಲಿ ಹುಲ್ಲುಹೆಂಟೆಯ ಕಟ್ಟೆ ಹಾಕಿ ನೀರು ನಿಲ್ಲಿಸಿ, ಸಾಕಷ್ಟು ತುಂಬಿದಾಗ ಒಮ್ಮೆಲೇ ಕಟ್ಟೆ ಒಡೆಯುತ್ತಿದ್ದರು. ರಭಸದಿಂದ ಇಳಿದ ನೀರು ಮೇಲ್ಮಣ್ಣನ್ನು ಕೊಚ್ಚಿ ಅದಿರಿನ ಎಳೆಯನ್ನು ಹೊರಗೆಡಹುತ್ತಿತ್ತು. ಇದನ್ನು ಮತ್ತೆ ಮತ್ತೆ ಮಾಡಿದ್ದರಿಂದ ಕೊರಕಲುಗಳು ಅಷ್ಟು ಆಳವಾಗಿವೆ. ನಕ್ಷೆಯಲ್ಲಿ ಇವುಗಳಿಗೆ ಹಷ್ ಎಂದು ಬರೆದಿರುತ್ತದೆ.

ಸಮೀಪದ ಓಲ್ಡ್ ಗ್ಯಾಂಗ್ ಎಂಬಲ್ಲಿ ಅದಿರು ಕರಗಿಸುತ್ತಿದ್ದ ಕಾರ್ಖಾನೆಯ ಪಾಳುಗಳಿವೆ. ಅಲ್ಲಿಂದ ಹೊಗೆಯ ಕಲ್ಲಿನ ಕೊಳವೆಯೊಂದು ಗುಡ್ಡದ ಮೈಮೇಲೆ ಬಹುದೂರ ಹತ್ತಿ ಹೋಗುತ್ತದೆ. ವಿಷದ ಹೊಗೆಯನ್ನು ಊರಿನಿಂದ ದೂರ ಒಯ್ಯುವುದರ ಜೊತೆಗೆ, ಕೊಳವೆಯ ಗೋಡೆಗಂಟಿದ ಮಸಿಯಿಂದ ಸೀಸವನ್ನು ಕೆರೆದು ತೆಗೆಯುವುದಕ್ಕೂ ಅದು ಒದಗುತ್ತಿತ್ತು. ಇನ್ನೂ ಮೇಲೆ ಹೋದರೆ ಸಾಲುಗಂಬಗಳು ಮಾತ್ರ ನಿಂತಿರುವ ಒಂದು ಉದ್ದನೆಯ ಕಟ್ಟಡ ಕಾಣುತ್ತದೆ. ಒಲೆಗೆ ಬೇಕಾದ ಪೀಟನ್ನು ಅಲ್ಲಿ ಪೇರಿಸಿಡುತ್ತಿದ್ದರು, ಗಾಳಿ ಆಡಿ ಒಣಗಲೆಂದು ಬದಿಗೋಡೆಗಳನ್ನು ತೆರೆದೇ ಬಿಟ್ಟಿದ್ದರು. ಗಣಿಯ ತ್ಯಾಜ್ಯದ ದಿಬ್ಬಗಳ ಮೇಲೆ ಇಂದಿಗೂ ಹುಲ್ಲು ಸರಿಯಾಗಿ ಹುಟ್ಟುವುದಿಲ್ಲ. ಮೊಣಕಾಲೂರಿ ನೋಡಿದರೆ ಬೋಳು ಜಲ್ಲಿಯ ನಡುವೆ ಐದೆಸಳಿನ ಪುಟ್ಟ ಬಿಳಿಹೂವಿನ ಗಿಡ ನೆಲಕ್ಕಂಟಿಕೊಂಡು ಬೆಳೆದಿರುತ್ತದೆ. ಅದು ಸ್ಪ್ರಿಂಗ್ ಸ್ಯಾಂಡ್‌ವರ್ಟ್. ಬೇರೆ ಗಿಡಗಳು ತಾಳಲಾರದ ಸೀಸದ ಮಣ್ಣನ್ನು ಅದು ತಾಳಿಕೊಳ್ಳುತ್ತದೆ. ಈ ಹೂವು ಕಂಡಲ್ಲಿ ಗಣಿಯನ್ನು ಹುಡುಕಬಹುದು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಪೇನಿನಿಂದ ಅಗ್ಗದ ಸೀಸ ಬಂದು ಬೆಲೆ ಕುಸಿದಾಗ ಇಲ್ಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಕುಟುಂಬಗಳು ಡರ್‌ಹ್ಯಾಮಿನ ಕಲ್ಲಿದ್ದಲ ಗಣಿಗಳಿಗೆ, ಲ್ಯಾಂಕಷೈರಿನ ಮಿಲ್ಲುಗಳಿಗೆ, ಅಮೆರಿಕಕ್ಕೆ ವಲಸೆ ಹೋದವು.

ಅದೇ ಕಣಿವೆಯಲ್ಲಿ ಕೆಲ್ಡ್ ಊರಿನಿಂದ ಗ್ರಿಂಟನ್ ಚರ್ಚಿನವರೆಗೆ ಹೆಣದ ದಾರಿ ಎಂದೇ ಹೆಸರಾದ ಕಾಲುದಾರಿಯಿದೆ. 1580ರಲ್ಲಿ ಮ್ಯೂಕರಿನಲ್ಲಿ ಚರ್ಚು ಆಗುವವರೆಗೆ ಮೇಲ್ಕಣಿವೆಯವರು ಸತ್ತವರನ್ನು ಹೊತ್ತು ಅಷ್ಟು ದೂರ ನಡೆಯಬೇಕಿತ್ತು. ಐವ್‌ಲೆಟ್ ಸೇತುವೆಯ ಬದಿಯಲ್ಲಿ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಚಪ್ಪಟೆ ಕಲ್ಲು ಇಂದಿಗೂ ಇದೆ.

ಮಾಧವ_ನಡಿಗೆ (ನ್ಯೂಕ್ಯಾಸಲ್)

ಎಲ್ಲರೂ ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನದೊಂದು ಭಿನ್ನಾಭಿಪ್ರಾಯವಿದೆ. ನಾನು ಗುಡ್ಡಕ್ಕೆ ಹೋಗುವುದು ಮನುಷ್ಯರ ಗದ್ದಲದಿಂದ ದೂರವಾಗಲು. ಪ್ರತಿ ಕಲ್ಲಿನ ಹಿಂದೆ ಕಾಯಿದೆ, ಕೂಲಿ, ಗಣಿಗಳನ್ನು ಹುಡುಕುತ್ತ ಹೋದರೆ ಆ ನೆಮ್ಮದಿ ಉಳಿಯುತ್ತದೆಯೇ? ಗೋಡೆಗಳನ್ನು ದಾಟಿ ಮೇಲೆ ಹೋದರೆ ಮರವೇ ಇಲ್ಲದ, ಗಾಳಿ ಬೀಸುವ ವಿಶಾಲ ಬಯಲಿದೆ. ಅಲ್ಲಿಯಾದರೂ ಪ್ರಕೃತಿ ತಾನು ಇದ್ದಂತೆಯೇ ಇದೆ ಎಂದು ನನ್ನ ಭಾವನೆ.

ಗುಂಡಬಾಳ (ಸೆಟ್ಲ್)

ಮಾಧವ ಅವರೇ, ನೆಮ್ಮದಿಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ತಿಳಿದುಕೊಂಡ ಮೇಲೂ ಅದು ಉಳಿಯುತ್ತದೆ ಎಂಬುದು ನನ್ನ ಅನುಭವ. ಆದರೆ ಬೋಳು ಗುಡ್ಡ ಸಹಜ ಸ್ಥಿತಿ ಎಂಬುದನ್ನು ಒಪ್ಪಲಾರೆ.

ಪೀಟ್ ಮಣ್ಣು ಕೊರೆದುಹೋದ ಅಂಚಿನಲ್ಲಿ ನಿಂತು ಕೆಳಗಿನ ಪದರವನ್ನು ನೋಡಿದರೆ, ಉತ್ತರ ಇಂಗ್ಲೆಂಡಿನ ಬೆನ್ನೆಲುಬಿನಂತಿರುವ ಪೆನೈನ್ ಬೆಟ್ಟಸಾಲಿನ ಎಷ್ಟೋ ಕಡೆ ಬರ್ಚ್ ಮರದ ಬೇರು, ತೊಗಟೆಗಳು ಕೊಳೆಯದೆ ಉಳಿದಿರುವುದು ಕಾಣುತ್ತದೆ. ಒಂದು ಕಾಲಕ್ಕೆ ಇಲ್ಲಿ ಕಾಡಿತ್ತು. ಪೀಟಿನ ಪದರಗಳಲ್ಲಿ ಸಿಕ್ಕಿಕೊಂಡ ಪರಾಗದ ಕಣಗಳನ್ನು ಪರೀಕ್ಷಿಸಿದವರು, ಶಿಲಾಯುಗದಿಂದಲೇ ಮರಗಳ ಪರಾಗ ಕಡಿಮೆಯಾಗಿ ಹುಲ್ಲಿನದು ಹೆಚ್ಚುತ್ತ ಬಂದದ್ದನ್ನು ತೋರಿಸಿದ್ದಾರೆ. ಹವಾಮಾನ ತಂಪಾಗಿ ತೇವ ಹೆಚ್ಚಿದ್ದೂ ಕಾರಣ, ಮನುಷ್ಯನ ಕೊಡಲಿ, ಬೆಂಕಿ, ದನಕುರಿಗಳೂ ಕಾರಣ. ಮಧ್ಯಯುಗದಲ್ಲಿ ಮಠಗಳು ಬಂದವು. 1132ರಲ್ಲಿ ಸ್ಥಾಪನೆಯಾದ ಫೌಂಟನ್ಸ್ ಮಠದ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ಈ ಗುಡ್ಡಗಳಲ್ಲಿ ಭಾರೀ ಪ್ರಮಾಣದಲ್ಲಿ ಕುರಿ ಸಾಕಿ, ಉಣ್ಣೆಯನ್ನು ಇಟಲಿಯ ವರ್ತಕರಿಗೆ ಮಾರುತ್ತಿದ್ದರು. ಕಿಲ್ನ್‌ಸಿಯಿಂದ ಮ್ಯಾಲಮ್ ಕಡೆಗೆ ಹೋಗುವ ಮ್ಯಾಸ್ಟೈಲ್ಸ್ ಲೇನ್ ದಾರಿಯಲ್ಲಿ ಅವರ ಮಂದೆಗಳು ಓಡಾಡಿದವು. ಅದಕ್ಕೂ ಸಾವಿರ ವರ್ಷ ಮೊದಲಿನ ರೋಮನ್ ಸೇನಾ ಶಿಬಿರವೊಂದರ ಮಣ್ಣಿನ ಏರಿಯನ್ನು ಆ ದಾರಿ ಸೀಳಿಕೊಂಡು ಹೋಗುತ್ತದೆ. ಗಿಡ ಚಿಗುರಿದರೆ ಕುರಿ ಬಿಡುವುದಿಲ್ಲ, ಆದ್ದರಿಂದ ಕಾಡು ಮರಳಿ ಬರಲಿಲ್ಲ.

ಹೆದರ್ ಬೆಳೆದ ಬಯಲಿನಲ್ಲಿ ಕಪ್ಪು, ಕಂದು, ನೇರಳೆ ಬಣ್ಣದ ತೇಪೆಗಳು ಕಂಡರೆ ಅದು ಗ್ರೌಸ್ ಹಕ್ಕಿಯ ಬೇಟೆಗಾಗಿ ಸರದಿಯಲ್ಲಿ ಸುಟ್ಟ ನೆಲ. ಹಕ್ಕಿ ಎಳೆಯ ಚಿಗುರನ್ನು ತಿನ್ನುತ್ತದೆ, ಹಳೆಯ ಪೊದೆಯಲ್ಲಿ ಅಡಗುತ್ತದೆ. ಎರಡೂ ಅಕ್ಕಪಕ್ಕದಲ್ಲಿ ಇರಲೆಂದು ಹಾಗೆ ಮಾಡುತ್ತಾರೆ. ಸಾಲಾಗಿ ಸೊಂಟದೆತ್ತರದ ಕಲ್ಲಿನ ಮರೆಗಳು ಸಿಕ್ಕರೆ ಬಂದೂಕು ಹಿಡಿದವರು ನಿಲ್ಲುವ ಜಾಗ ಅದು. ಪ್ರತಿವರ್ಷ ಆಗಸ್ಟ್ 12ರಂದು ಬೇಟೆ ಆರಂಭವಾಗುತ್ತದೆ. ಕಿಂಡರ್ ಸ್ಕೌಟ್, ಬ್ಲೀಕ್ಲೋ ಪ್ರಸ್ಥಭೂಮಿಗಳಲ್ಲಿ ಪೀಟ್ ಬೋಳಾಗಿ ಕೊರೆದುಹೋದದ್ದಕ್ಕೆ ಮ್ಯಾಂಚೆಸ್ಟರ್, ಶೆಫೀಲ್ಡ್ ನಗರಗಳ ಕಾರ್ಖಾನೆ ಹೊಗೆಯಿಂದಾದ ಆಮ್ಲ ಮಳೆ ಸ್ಫ್ಯಾಗ್ನಮ್ ಹಾವಸೆಯನ್ನು ಕೊಂದದ್ದು ಒಂದು ದೊಡ್ಡ ಕಾರಣ. 2003ರಿಂದ ಅಲ್ಲಿ ಕೊರಕಲುಗಳಿಗೆ ಅಡ್ಡಗಟ್ಟೆ ಹಾಕಿ, ಹಾವಸೆಯನ್ನು ಮತ್ತೆ ನೆಟ್ಟು ಗುಣಪಡಿಸುವ ಕೆಲಸ ನಡೆಯುತ್ತಿದೆ. ಹೋದಾಗ ಆ ಅಡ್ಡಗಟ್ಟೆಗಳನ್ನು ಗಮನಿಸಿ, ಅವುಗಳ ಹಿಂದೆ ನಿಂತ ನೀರಿನಲ್ಲಿ ಹಸಿರು ಮರಳಿರುವುದನ್ನು ಕಂಡರೆ ಸಂತೋಷವಾಗುತ್ತದೆ.

ಸುಣ್ಣದಗೂಡು (ಲಂಕಾಸ್ಟರ್)

ಮನುಷ್ಯನ ಕೈಯಿಲ್ಲದ್ದೂ ಇದೆ ಎಂದು ಮಾಧವ ಅವರ ಪರವಾಗಿ ಒಂದು ಮಾತು ಸೇರಿಸುತ್ತೇನೆ. ನಾನು ಭೂವಿಜ್ಞಾನದ ಮೇಷ್ಟರು.

ಆಸ್ಟ್‌ವಿಕ್ ಊರಿನ ಮೇಲಿನ ನಾರ್ಬರ್ ದಿಬ್ಬಕ್ಕೆ ಒಮ್ಮೆ ಹೋಗಿ ಬನ್ನಿ. ಬಿಳಿಯ ಸುಣ್ಣಕಲ್ಲಿನ ಹಾಸಿನ ಮೇಲೆ ಕಪ್ಪನೆಯ ದೊಡ್ಡ ಬಂಡೆಗಳು ಚೆಲ್ಲಿಕೊಂಡಿವೆ. ಅಡಿಯ ಸುಣ್ಣಕಲ್ಲು ಕಾರ್ಬೊನಿಫೆರಸ್ ಕಾಲದ್ದು, ಮೇಲೆ ಕೂತ ಬಂಡೆ ಅದಕ್ಕಿಂತ ಸುಮಾರು ಹತ್ತು ಕೋಟಿ ವರ್ಷ ಹಳೆಯದಾದ ಸಿಲೂರಿಯನ್ ಕಾಲದ್ದು. ಹಿಮಯುಗದ ಹಿಮನದಿ ಪಕ್ಕದ ಕ್ರಮ್ಮಕ್ ಕಣಿವೆಯ ತಳದಿಂದ ಅವುಗಳನ್ನು ಕಿತ್ತು, ಮೇಲಕ್ಕೆ ನೂಕಿಕೊಂಡು ಬಂದು, ಕರಗಿದಾಗ ಅಲ್ಲೇ ಬಿಟ್ಟುಹೋಯಿತು. ಕೆಲವು ಬಂಡೆಗಳು ಒಂದಡಿಯಷ್ಟು ಎತ್ತರದ ಸುಣ್ಣಕಲ್ಲಿನ ಪೀಠದ ಮೇಲೆ ನಿಂತಿವೆ. ಯಾರೂ ಆ ಪೀಠ ಕಟ್ಟಲಿಲ್ಲ. ಮಳೆನೀರು ಸುತ್ತಲಿನ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸಿ ತಗ್ಗಿಸಿತು. ಬಂಡೆ ಛತ್ರಿಯಂತೆ ತನ್ನ ಅಡಿಯ ಕಲ್ಲನ್ನು ಮಾತ್ರ ಕಾಪಾಡಿತು. ಪೀಠದ ಎತ್ತರವೆಂದರೆ ಹಿಮ ಹೋದ ಮೇಲೆ ಇಡೀ ನೆಲ ಎಷ್ಟು ಇಳಿದಿದೆ ಎಂಬುದರ ಅಳತೆ. ಅಂಗೈಯನ್ನು ಪೀಠದ ಮೇಲಿಟ್ಟು ನೋಡಿದಾಗ ಆಗುವ ಬೆರಗು ತರಗತಿಯಲ್ಲಿ ಎಷ್ಟು ಪಾಠ ಮಾಡಿದರೂ ಬರುವುದಿಲ್ಲ.

ಮಾಧವ_ನಡಿಗೆ (ನ್ಯೂಕ್ಯಾಸಲ್)

ಧನ್ಯವಾದಗಳು ಮೇಷ್ಟರೇ. ಗುಂಡಬಾಳ ಅವರ ಉತ್ತರವೂ ಯೋಚಿಸುವಂತೆ ಮಾಡಿತು. ನಮ್ಮ ಕಡೆಯದನ್ನು ನಾನೂ ಹೇಳುತ್ತೇನೆ. ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪೂರ್ವದ ಭಾಗದಲ್ಲಿ ನಡೆಯುವವರು ಗೋಡೆ ಎಲ್ಲಿ ಎಂದು ಕೇಳುತ್ತಾರೆ. ಕ್ರಿ.ಶ. 122ರಲ್ಲಿ ಶುರುವಾದ ಆ ಗೋಡೆಯ ಬಹುಭಾಗ ಅವರು ಬಂದ ರಸ್ತೆಯ ಅಡಿಯಲ್ಲೇ ಇದೆ. ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ 1745ರ ಜಾಕೊಬೈಟ್ ದಂಗೆಯ ನಂತರ ಸೇನೆಯ ಓಡಾಟಕ್ಕೆಂದು ರಸ್ತೆ ಮಾಡುವಾಗ ಗೋಡೆಯನ್ನು ಕೆಡವಿ ಅದನ್ನೇ ತಳಪಾಯವಾಗಿ ಬಳಸಿದರು. ಉಳಿದ ಕಲ್ಲುಗಳು ತೋಟದ ಮನೆಗಳಲ್ಲಿ, ಚರ್ಚುಗಳಲ್ಲಿ ಸೇರಿಕೊಂಡಿವೆ. ಇದು ಹಳೆಯ ರೂಢಿಯೇ: 7ನೆಯ ಶತಮಾನದಲ್ಲಿ ಕಟ್ಟಿದ ಹೆಕ್ಸಮ್ ಚರ್ಚಿನ ನೆಲಮಾಳಿಗೆಗೆ ಇಳಿದರೆ ಕಾರ್‌ಬ್ರಿಜ್‌ನಿಂದ ತಂದ ರೋಮನ್ ಕೆತ್ತನೆಯ ಕಲ್ಲುಗಳನ್ನು ಮುಟ್ಟಿ ನೋಡಬಹುದು.

ಹತ್ತಿಬೆಟಗೇರಿ (ರಾಚ್‌ಡೇಲ್)

ಈ ಚರ್ಚೆಯನ್ನು ಓದುತ್ತ ಒಂದು ದಾರಿಯ ಬಗ್ಗೆ ಬರೆಯಲೇಬೇಕೆನಿಸಿತು. ನಾನು ಧಾರವಾಡ ಜಿಲ್ಲೆಯವನು, ಈಗ ಇರುವುದು ರಾಚ್‌ಡೇಲ್‌ನಲ್ಲಿ, ಈ ಎರಡು ಊರುಗಳನ್ನು ಆ ದಾರಿ ನನ್ನ ಮನಸ್ಸಿನಲ್ಲಿ ಬೆಸೆದಿದೆ.

ರಾಚ್‌ಡೇಲ್‌ನಿಂದ ಉತ್ತರಕ್ಕೆ ರಾಸೆಂಡೇಲ್ ಕಡೆಗೆ ಹೋಗುವ ರೂಲಿ ಮೂರ್ ರಸ್ತೆ ಜನವಸತಿಯಿಲ್ಲದ ಎತ್ತರದ ಬಯಲನ್ನು ದಾಟುತ್ತದೆ. ಮೊದಲಿಗೆ ಅದು ಹೇರುಕುದುರೆಗಳ ಹಳೆಯ ದಾರಿ. ಮೇಲೇರಿದಂತೆ, ಕುರಿಗಳ ಹೊರತು ಯಾರೂ ಇಲ್ಲದ ಆ ಜಾಗದಲ್ಲಿ, ನಗರದ ಬೀದಿಗೆ ಹಾಸುವಂಥ ಕೊರೆದ ಕಲ್ಲಿನ ಹಾಸು ಕಾಣಿಸಿಕೊಳ್ಳುತ್ತದೆ. ಕಲ್ಲುಗಳನ್ನು ಸಾಲುಸಾಲಾಗಿ ಒತ್ತಾಗಿ ಕೂರಿಸಿದ್ದಾರೆ. ಮಳೆ ಬಂದ ಮೇಲೆ ನೋಡಿದರೆ ಪ್ರತಿಯೊಂದರ ಅಂಚೂ ಸ್ಪಷ್ಟವಾಗಿ ಎದ್ದು ಕಾಣುತ್ತದೆ, ನಡುವಿನ ಸಂದುಗಳಲ್ಲಿ ಪಾಚಿ ತುಂಬಿದೆ. ಇಷ್ಟು ಎತ್ತರಕ್ಕೆ ಇಷ್ಟು ಶ್ರಮವನ್ನು ಯಾರು, ಏಕೆ ಹಾಕಿದರು ಎಂದು ಯಾರಿಗಾದರೂ ಅನ್ನಿಸದೆ ಇರದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಲ್ಯಾಂಕಷೈರಿಗೆ ಹತ್ತಿ ಬರುವುದು ನಿಂತುಹೋಯಿತು. 1865ರವರೆಗೆ ಮುಂದುವರಿದ ಈ ಕಾಲವನ್ನು ಹತ್ತಿಯ ಬರಗಾಲ ಎಂದೇ ಕರೆಯುತ್ತಾರೆ. ಮಿಲ್ಲುಗಳು ಮುಚ್ಚಿ ಲಕ್ಷಗಟ್ಟಲೆ ಜನ ಪರಿಹಾರದ ಗಂಜಿಗೆ ಕೈಯೊಡ್ಡಬೇಕಾಯಿತು. 1863ರಲ್ಲಿ ಸರಕಾರ ಒಂದು ಕಾಯಿದೆ ಮಾಡಿ, ಮಿಲ್ಲಿನ ಊರುಗಳ ಸ್ಥಳೀಯ ಸಂಸ್ಥೆಗಳಿಗೆ ರಸ್ತೆ, ಚರಂಡಿ, ಉದ್ಯಾನಗಳ ಕೆಲಸಕ್ಕೆಂದು 12 ಲಕ್ಷ ಪೌಂಡುಗಳವರೆಗೆ ಸಾಲ ಕೊಡಲು ಒಪ್ಪಿತು. ರೂಲಿ ಮೂರಿನ ಕಲ್ಲುಹಾಸು ಆ ದಿನಗಳ ನಿರುದ್ಯೋಗಿ ಕಾರ್ಮಿಕರ ಕೆಲಸವೆಂದು ಇಲ್ಲಿನವರು ಹೇಳುತ್ತಾರೆ, ಅದಕ್ಕೆ ಕಾಟನ್ ಫ್ಯಾಮಿನ್ ರೋಡ್ ಎಂಬ ಹೆಸರೇ ನಿಂತಿದೆ. ಬೆಚ್ಚಗಿನ ತೇವದ ಕೋಣೆಗಳಲ್ಲಿ ನೂಲು ತೆಗೆದು ಮೆತ್ತಗಾಗಿದ್ದ ಕೈಗಳು ಆ ಗಾಳಿಯಲ್ಲಿ ಕಲ್ಲು ಹೊತ್ತವು. ಇಷ್ಟಾದರೂ ಮ್ಯಾಂಚೆಸ್ಟರಿನ ಕಾರ್ಮಿಕರು ಗುಲಾಮಗಿರಿಯ ವಿರುದ್ಧ ಅಮೆರಿಕದ ಉತ್ತರದ ಪಕ್ಷವನ್ನು ಬೆಂಬಲಿಸಿ ಅಧ್ಯಕ್ಷ ಲಿಂಕನ್‌ಗೆ ಪತ್ರ ಬರೆದರು. 1863ರ ಜನವರಿಯಲ್ಲಿ ಲಿಂಕನ್ ಕೃತಜ್ಞತೆಯಿಂದ ಉತ್ತರಿಸಿದರು.

ಈಗ ನನ್ನ ಸೀಮೆಯ ಮಾತು. ಅಮೆರಿಕದ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ಕಣ್ಣು ಭಾರತದ ಮೇಲೆ ಬಿತ್ತು. ಧಾರವಾಡದಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ತಂದು ಬಿತ್ತಿಸಿದ್ದರು. ಧಾರವಾಡ-ಅಮೆರಿಕನ್ ಎಂಬ ಆ ಹತ್ತಿಯ ಎಳೆ ಭಾರತದ ಬೇರೆ ಹತ್ತಿಗಳಿಗಿಂತ ಉದ್ದವಾಗಿತ್ತು, ಹಾಗಾಗಿ ಲ್ಯಾಂಕಷೈರಿನ ಯಂತ್ರಗಳಿಗೆ ಹೆಚ್ಚು ಒಗ್ಗುತ್ತಿತ್ತು. ಅದನ್ನು ಸಾಗಿಸಲು ಕಾರವಾರದಲ್ಲಿ ಬಂದರು ಆಗಬೇಕು, ಘಟ್ಟ ಇಳಿಯುವ ರಸ್ತೆಗಳು ಆಗಬೇಕು ಎಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ಹೇರಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಒತ್ತಾಯವಿತ್ತು. ಬೆಲೆ ಏರಿದಾಗ ನಮ್ಮ ರೈತರು ಕಂಡಲ್ಲೆಲ್ಲ ಹತ್ತಿ ಬಿತ್ತಿದರು. 1865ರಲ್ಲಿ ಯುದ್ಧ ಮುಗಿದು ಬೆಲೆ ಬಿದ್ದಾಗ ಪೆಟ್ಟು ತಿಂದರು. ಒಂದೇ ಯುದ್ಧ ಇಲ್ಲಿ ಗುಡ್ಡದ ಮೇಲೊಂದು ಕಲ್ಲುರಸ್ತೆಯನ್ನೂ ಅಲ್ಲಿ ಘಟ್ಟದ ರಸ್ತೆಗಳ ಬೇಡಿಕೆಯನ್ನೂ ಹುಟ್ಟಿಸಿತು. ಮನೆಯವರು ಊರಿನಿಂದ ಬಂದಾಗಲೆಲ್ಲ ನಾನು ಅವರನ್ನು ಮೊದಲು ಕರೆದೊಯ್ಯುವುದು ಆ ದಾರಿಗೇ.

ತುಂಗಾತೀರ (ಡಾರ್ಲಿಂಗ್‌ಟನ್)

ಹತ್ತಿಬೆಟಗೇರಿ ಅವರೇ, ಇದನ್ನು ಬರೆದದ್ದಕ್ಕೆ ನಮಸ್ಕಾರ. ನಾವು ಹೀಗೆ ಗುಡ್ಡದ ಮೇಲೆ ನಡೆಯುವುದಕ್ಕೆ ಸಾಧ್ಯವಾದದ್ದೂ ಅದೇ ಮಿಲ್ಲಿನ ಊರುಗಳ ಜನರಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಎನ್‌ಕ್ಲೋಷರ್ ಆದ ಮೇಲೆ ಗುಡ್ಡಗಳು ಬೇಟೆಯ ಖಾಸಗಿ ನೆಲವಾದವು, ಕಾವಲುಗಾರರು ಕೋಲು ಹಿಡಿದು ನಿಂತರು. 1896ರಲ್ಲಿ ಬೋಲ್ಟನ್ ಊರಿನ ಮೇಲಿನ ವಿಂಟರ್ ಹಿಲ್ ದಾರಿಯನ್ನು ಜಮೀನುದಾರ ಮುಚ್ಚಿಸಿದಾಗ ಸುಮಾರು 10,000 ಜನ ಮೆರವಣಿಗೆಯಲ್ಲಿ ಹೋಗಿ ಗೇಟು ದಾಟಿದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ಯುವಕರು ಹೇಫೀಲ್ಡ್ ಊರಿನಿಂದ ಅನುಮತಿಯಿಲ್ಲದೆಯೇ ಕಿಂಡರ್ ಸ್ಕೌಟ್ ಹತ್ತಿದರು. ಮುಂಚೂಣಿಯಲ್ಲಿದ್ದ ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸವಾಯಿತು, ಆ ಶಿಕ್ಷೆಯ ಕ್ರೌರ್ಯವೇ ಜನಾಭಿಪ್ರಾಯವನ್ನು ಅವರ ಕಡೆಗೆ ತಿರುಗಿಸಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಮೊದಲ ರಾಷ್ಟ್ರೀಯ ಉದ್ಯಾನವಾಯಿತು, 1965ರ ಏಪ್ರಿಲ್ 24ರಂದು ಪೆನೈನ್ ಸಾಲಿನುದ್ದದ ಪೆನೈನ್ ವೇ ಕಾಲುದಾರಿ ತೆರೆಯಿತು. ದಾರಿ ಬಿಟ್ಟು ತೆರೆದ ಬಯಲಿನಲ್ಲಿ ಓಡಾಡುವ ಹಕ್ಕು ದೊರೆಯಲು 2000ದ ಕಾಯಿದೆಯವರೆಗೆ ಕಾಯಬೇಕಾಯಿತು.

ಸುಣ್ಣದಗೂಡು (ಲಂಕಾಸ್ಟರ್)

ಶಾಲ್ಮಲಾ ಅವರು ಕೇಳಿದ್ದು ನೋಡುವ ಬಗೆ, ಆದ್ದರಿಂದ ಸಲಕರಣೆಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ನಕ್ಷೆಯನ್ನೇ ಕೊಳ್ಳಿ, ಏಕೆಂದರೆ ಅದರಲ್ಲಿ ಪ್ರತಿ ಹೊಲದ ಗೋಡೆಯೂ ಇರುತ್ತದೆ. 1:50,000 ನಕ್ಷೆಯಲ್ಲಿ ಇರುವುದಿಲ್ಲ. ರೋಮನ್ ಕಾಲದವನ್ನು ಬಿಟ್ಟು ಉಳಿದ ಪುರಾತನ ಅವಶೇಷಗಳ ಹೆಸರನ್ನು ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಹಳೆಯ ಗಾಥಿಕ್ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಹೊರಡುವ ಮೊದಲು ಆ ಅಕ್ಷರಗಳನ್ನು ಗುರುತು ಮಾಡಿಕೊಳ್ಳಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಇಂಗ್ಲೆಂಡಿನ ಹಳೆಯ ಆರಿಂಚಿನ (ಮೈಲಿಗೆ ಆರು ಇಂಚು ಅಳತೆಯ) ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಯಾರ್ಕ್‌ಷೈರ್, ಲ್ಯಾಂಕಷೈರುಗಳ ಮೊದಲ ಸರ್ವೆ 1840 ಮತ್ತು 50ರ ದಶಕಗಳದ್ದು. ಇಂದಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಸುಣ್ಣದ ಭಟ್ಟಿ, ಕಲ್ಲುಗಣಿ, ಕಳೆದುಹೋದ ದಾರಿಗಳು ಒಂದೊಂದಾಗಿ ಹೊರಬರುತ್ತವೆ. ವಿಮಾನದಿಂದ ಲೇಸರ್ ಹಾಯಿಸಿ ನೆಲವನ್ನು ಅಳೆದು ಮಾಡಿದ ಸರಕಾರದ ಲೈಡಾರ್ ಚಿತ್ರಗಳೂ ಉಚಿತ. ಅವು ಗಿಡಮರಗಳನ್ನು ಸರಿಸಿ ಬರಿಯ ನೆಲದ ಉಬ್ಬುತಗ್ಗನ್ನು ತೋರಿಸುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬೆಳಕು. ನಡುಬೇಸಿಗೆಯ ಮಧ್ಯಾಹ್ನ ನೆಲದ ಮೇಲೆ ಏನೂ ಕಾಣುವುದಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ, ಬೆಳಿಗ್ಗೆಯೋ ಸಂಜೆಯೋ, ಸೂರ್ಯ ಕೆಳಗಿರುವಾಗ ಅಥವಾ ತೆಳುವಾಗಿ ಹಿಮ ಬಿದ್ದಾಗ ನೆರಳುಗಳು ಎದ್ದು ನಿಲ್ಲುತ್ತವೆ.

ಶಾಲ್ಮಲಾ (ಸ್ಕಿಪ್ಟನ್)

ಇಷ್ಟೊಂದು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೇಷ್ಟರ ಮಾತಿನಂತೆ ಬಿಸಿಲು ಓರೆಯಾಗಿದ್ದಾಗ ಊರಾಚೆಯ ಹುಲ್ಲುಗಾವಲಿಗೆ ಹೋಗಿದ್ದೆ. ಸಪಾಟಾಗಿದೆ ಎಂದುಕೊಂಡಿದ್ದ ನೆಲದಲ್ಲಿ ಉದ್ದುದ್ದ ಏರುಗಳು ಒಂದರ ಪಕ್ಕದಲ್ಲೊಂದು ಕಂಡವು. ಪ್ರತಿಯೊಂದೂ ನಾಲ್ಕೈದು ಹೆಜ್ಜೆ ಅಗಲ, ನಡುವೆ ತಗ್ಗು. ನೇರವಾಗಿಲ್ಲ, ಎರಡೂ ತುದಿಗಳಲ್ಲಿ ಮೆಲ್ಲಗೆ ವಿರುದ್ಧ ದಿಕ್ಕಿಗೆ ಬಾಗುತ್ತವೆ. ನಡುವೆ ಒಂದು ಕಲ್ಲುಗೋಡೆ ಅಡ್ಡಹಾದುಹೋಗಿದೆ, ಗೋಡೆಯ ಆಚೆಗೂ ಅದೇ ಏರುಗಳು ಮುಂದುವರಿಯುತ್ತವೆ. ಇದು ಏನಿರಬಹುದು?

ಗುಂಡಬಾಳ (ಸೆಟ್ಲ್)

ಅದು ಮಧ್ಯಯುಗದ ಉಳುಮೆ, ಶಾಲ್ಮಲಾ ಅವರೇ. ಇಲ್ಲಿಯವರು ರಿಜ್ ಅಂಡ್ ಫರೋ ಎನ್ನುತ್ತಾರೆ. ಊರಿನ ದೊಡ್ಡ ಬಯಲನ್ನು ಉದ್ದನೆಯ ಪಟ್ಟಿಗಳಾಗಿ ಹಂಚಿಕೊಂಡು, ಮಣ್ಣನ್ನು ಒಂದೇ ಬದಿಗೆ ಮಗುಚುವ ನೇಗಿಲಿನಿಂದ ಪ್ರತಿ ಪಟ್ಟಿಯನ್ನು ಸುತ್ತುಗಟ್ಟಿ ಉತ್ತಾಗ, ಮಣ್ಣು ವರ್ಷದಿಂದ ವರ್ಷಕ್ಕೆ ನಡುವಿಗೆ ಸೇರಿ ಏರಾಯಿತು. ತಗ್ಗಿನಲ್ಲಿ ಮಳೆನೀರು ಬಸಿದುಹೋಯಿತು. ತುದಿಗಳು ಬಾಗಿರುವುದು ಎತ್ತುಗಳ ಕಾರಣದಿಂದ. ಭಾರವಾದ ಆ ನೇಗಿಲಿಗೆ ಎಂಟು ಎತ್ತುಗಳನ್ನು ಜೋಡಿಜೋಡಿಯಾಗಿ ಹೂಡುತ್ತಿದ್ದರು. ಅಷ್ಟುದ್ದದ ಸಾಲನ್ನು ಹೊಲದ ಕೊನೆಯಲ್ಲಿ ತಿರುಗಿಸಬೇಕಾದರೆ ನೇಗಿಲು ಇನ್ನೂ ಹೊಲದಲ್ಲಿರುವಾಗಲೇ ಮುಂದಿನ ಜೋಡಿಯನ್ನು ಓರೆಗೆ ಎಳೆಯಬೇಕು. ನೀವು ಕಂಡ ಬಾಗು ಆ ಎತ್ತುಗಳ ತಿರುವು. ಕುದುರೆಯ ಜೋಡಿಯಿಂದಲೋ ಉಗಿಯಂತ್ರದಿಂದಲೋ ಉತ್ತ ಈಚಿನ ಏರುಗಳು ನೇರವಾಗಿಯೂ ಕಿರಿದಾಗಿಯೂ ಇರುತ್ತವೆ, ಹಾಗಾಗಿ ನಿಮ್ಮದು ಹಳೆಯದೇ. ಇಳಿಜಾರಿನಲ್ಲಾದರೆ ಇದೇ ಉಳುಮೆ ಮೆಟ್ಟಿಲುಗಳ ರೂಪ ತಾಳುತ್ತದೆ. ಲಿಂಟನ್ ಮತ್ತು ಮ್ಯಾಲಮ್ ಊರುಗಳ ಸುತ್ತ ಅಂಥವನ್ನು ಚೆನ್ನಾಗಿ ನೋಡಬಹುದು.

ಗೋಡೆಯ ವಿಷಯವನ್ನು ನೀವೇ ಬಿಡಿಸಿದ್ದೀರಿ. ಏರುಗಳು ಗೋಡೆಯ ಅಡಿಯಿಂದ ಹಾದು ಆಚೆಗೆ ಹೋಗಿದ್ದರೆ ಗೋಡೆ ಅವುಗಳ ನಂತರ ಬಂದದ್ದು, ಅಂದರೆ ಆ ನೆಲದಲ್ಲಿ ಊರಿನವರೆಲ್ಲ ಕೂಡಿ ಬೆಳೆಯುತ್ತಿದ್ದ ಕಾಳಿನ ಕಾಲ ಮುಗಿದು, ಒಬ್ಬೊಬ್ಬರ ಹುಲ್ಲಿನ ಕಾಲ ಶುರುವಾದ ಮೇಲಿನದು. ಏರುಗಳು ಗೋಡೆಯ ತನಕ ಬಂದು ಅಲ್ಲಿಯೇ ನಿಂತಿದ್ದರೆ ಗೋಡೆಯೋ ಅದರ ಗಡಿಯೋ ಮೊದಲಿನದಾಗುತ್ತಿತ್ತು. ಮತ್ತೊಮ್ಮೆ ಹೋದಾಗ ಗೋಡೆಯ ಉದ್ದಕ್ಕೂ ನಡೆದು, ಅದರ ಬುಡ ಏರು ಬಂದಲ್ಲಿ ಏರಿ ತಗ್ಗು ಬಂದಲ್ಲಿ ಇಳಿದಿದೆಯೇ ಎಂದು ಪರಿಶೀಲಿಸಿ, ಚಿತ್ರದೊಡನೆ ಇಲ್ಲಿ ತಿಳಿಸಿ.